ಹೊಸ ಬ್ರಾಂಚ್ ಮ್ಯಾನೇಜರ್ ಕೆಲಸ ಹಂಚುವುದು ಹೇಗೆ

ಆರೇಳು ಜನರ ಒಂದು ಹೋಬಳಿ ಶಾಖೆ ಎಂದುಕೊಳ್ಳಿ. ಮ್ಯಾನೇಜರ್, ಒಬ್ಬ ಅಸಿಸ್ಟೆಂಟ್ ಮ್ಯಾನೇಜರ್, ಒಬ್ಬ ಕೃಷಿ ಅಧಿಕಾರಿ, ಕೌಂಟರಿಗೆ ಇಬ್ಬರೋ ಮೂವರೋ ಕ್ಲರ್ಕುಗಳು, ಒಬ್ಬ ಅಟೆಂಡರ್. ಮೊದಲ ಸಲ ಮ್ಯಾನೇಜರ್ ಆಗಿ ಇಂಥ ಕಡೆ ಹೋದವರು ನಿನ್ನೆಯವರೆಗೆ ತಾವು ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನೇ ಹೊಸ ಕುರ್ಚಿಯಲ್ಲೂ ಮುಂದುವರಿಸುತ್ತಾರೆ. ಸಾಲದ ಫೈಲು ಬೇಗ ಮುಗಿಸುವವರು ಎಂಬ ಹೆಸರಿನಿಂದಲೇ ಪ್ರಮೋಷನ್ ಸಿಕ್ಕಿರುತ್ತದೆ. ಹಾಗಾಗಿ ಫೈಲನ್ನೂ ತಾವೇ ಮಾಡುತ್ತಾರೆ, ರೀಜನಲ್ ಆಫೀಸಿಗೆ ಸ್ಟೇಟ್‌ಮೆಂಟನ್ನೂ ತಾವೇ ಕಳಿಸುತ್ತಾರೆ, ಪಾಸ್‌ಬುಕ್ ಪ್ರಿಂಟರ್ ಕೆಟ್ಟರೂ ತಾವೇ ಫೋನ್ ಹಚ್ಚುತ್ತಾರೆ. ರಾತ್ರಿ ಎಂಟಾದರೂ ಮನೆಗೆ ಹೋಗಲಾಗುವುದಿಲ್ಲ. ಅಷ್ಟಾದರೂ ಮ್ಯಾನೇಜರೇ ಮಾಡಬೇಕಾದ ಕೆಲಸ, ಅಂದರೆ ದೊಡ್ಡ ಸಾಲಗಾರರ ಜಾಗಕ್ಕೆ ಹೋಗಿ ನೋಡುವುದು, ಫೈಲನ್ನು ಒಪ್ಪುವ ಮೊದಲು ಸಾವಧಾನವಾಗಿ ಓದುವುದು, ಸಿಬ್ಬಂದಿಗೆ ಕಲಿಸುವುದು, ಬಾಕಿ ಬಿದ್ದಿರುತ್ತದೆ.

ಬ್ಯಾಂಕಿನಲ್ಲಿ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಇನ್‌ಸ್ಪೆಕ್ಷನ್ ವರದಿಗೆ ಉತ್ತರ ಬರೆಯಬೇಕಾದವರು ನೀವೇ. ಈ ಭಯದಿಂದಲೇ ಬಹಳ ಜನ ಏನನ್ನೂ ಬಿಟ್ಟುಕೊಡುವುದಿಲ್ಲ. ಇನ್ನು ಕೆಲವರು ಬೇಸತ್ತು, ಕೊಡಬಾರದ್ದನ್ನೇ ಕೊಟ್ಟುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯ. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಕೊಡಬಾರದ್ದು

ಪಾಸ್‌ವರ್ಡ್, ಓಟಿಪಿ, ಕೀಲಿಕೈ. ಇವು ಮೂರನ್ನು ಎಷ್ಟೇ ನಂಬಿಕೆಯ ಸಹೋದ್ಯೋಗಿ ಕೇಳಿದರೂ ಕೊಡಕೂಡದು. ಕೋರ್ ಬ್ಯಾಂಕಿಂಗ್‌ನಲ್ಲಿ, ಅಂದರೆ ಎಲ್ಲ ಶಾಖೆಗಳನ್ನು ಜೋಡಿಸುವ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ಪಾಸ್ ಮಾಡಬೇಕು. ಒಬ್ಬರ ಕಣ್ತಪ್ಪನ್ನು ಇನ್ನೊಬ್ಬರ ಕಣ್ಣು ಹಿಡಿಯಲಿ ಎಂಬುದಷ್ಟೇ ಇದರ ಉದ್ದೇಶ. ಮಧ್ಯಾಹ್ನ ಹನ್ನೆರಡರ ರಶ್ಶಿನಲ್ಲಿ ಮ್ಯಾನೇಜರ್ ಫೀಲ್ಡಿಗೆ ಹೊರಟಾಗ "ಸರ್, ನಿಮ್ಮ ಐಡಿ ಓಪನ್ ಇಟ್ಟು ಹೋಗಿ, ಜನ ಕಾಯ್ತಾರೆ" ಎಂಬ ಮಾತು ಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಗಳಿಗೆಯಿಂದ ಎಂಟ್ರಿ ಹಾಕುವವರು, ಪಾಸ್ ಮಾಡುವವರು ಒಬ್ಬರೇ ಆಗುತ್ತಾರೆ, ದಾಖಲೆಯಲ್ಲಿ ಮಾತ್ರ ನಿಮ್ಮ ಹೆಸರಿರುತ್ತದೆ. ಬಯೋಮೆಟ್ರಿಕ್ ಲಾಗಿನ್ ಇರುವ ಕಡೆಯೂ ಬೆರಳೊತ್ತಿ ಎದ್ದುಹೋಗುವ ಅಭ್ಯಾಸವಿದ್ದರೆ ಫಲ ಅದೇ. ಇದಕ್ಕೆ ಸರಿಯಾದ ದಾರಿಯೆಂದರೆ ಅಸಿಸ್ಟೆಂಟ್ ಮ್ಯಾನೇಜರಿಗೆ ಅವರದೇ ಐಡಿಯಲ್ಲಿ ಪಾಸ್ ಮಾಡುವ ಮಿತಿ ಎಷ್ಟಿದೆ ನೋಡುವುದು. ಸಾಲದಿದ್ದರೆ ಹೆಚ್ಚಿಸಿಕೊಡಿ ಎಂದು ರೀಜನಲ್ ಆಫೀಸಿಗೆ ಬರೆಯುವುದು. ಜೊತೆಗೆ ಫೀಲ್ಡಿಗೆ ಹೋಗುವ ಹೊತ್ತನ್ನು ಮೂರು ಗಂಟೆಯ ನಂತರಕ್ಕೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಸ್ಟ್ರಾಂಗ್ ರೂಮ್, ಸೇಫು, ಚಿನ್ನದ ಪ್ಯಾಕೆಟ್ಟುಗಳು ಜಂಟಿ ಸುಪರ್ದಿಯಲ್ಲಿ ಇರುತ್ತವೆ. ಜಂಟಿ ಎಂದರೆ ಇಬ್ಬರೂ ಬಾಗಿಲ ಮುಂದೆ ನಿಂತಿರಬೇಕು. ಒಬ್ಬರ ಕೀಲಿಯನ್ನು ಇನ್ನೊಬ್ಬರು ತೆಗೆದುಕೊಂಡುಹೋಗಿ ತೆರೆದರೆ ಅದು ಜಂಟಿಯಲ್ಲ. ರಜೆ ಹಾಕಿದ ದಿನ ಕೀ ರಿಜಿಸ್ಟರಿನಲ್ಲಿ ಸಮಯ, ದಿನಾಂಕ ಬರೆದು, ಕೊಟ್ಟವರು ತೆಗೆದುಕೊಂಡವರು ಇಬ್ಬರೂ ಸಹಿ ಹಾಕಿ ಹಸ್ತಾಂತರವಾಗಬೇಕು. ಅಪ್ರೈಸರ್ ಚಿನ್ನ ಪರೀಕ್ಷಿಸುವವರು ಮಾತ್ರ. ಒಡವೆ ಒಳಗಿಡುವುದು, ಹೊರತೆಗೆಯುವುದು ಅವರ ಪಾಲಿನ ಕೆಲಸವಲ್ಲ. ಎಷ್ಟೇ ವರ್ಷದ ಹಳಬರಾದರೂ ಅಲ್ಲ.

ಸಾಲ ಮಂಜೂರು ಮಾಡುವ ಅಧಿಕಾರ ನಿಮ್ಮ ಹುದ್ದೆಗೆ ಬ್ಯಾಂಕು ಕೊಟ್ಟದ್ದು, ಅದನ್ನು ಬಾಯಿಮಾತಿನಲ್ಲಿ ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಫೈಲು ತಯಾರಿಸುವುದು, ಜಮೀನು ನೋಡಿ ವರದಿ ಬರೆಯುವುದು, ಪಹಣಿ ಮತ್ತು ಋಣಭಾರ ಪ್ರಮಾಣಪತ್ರ ತಾಳೆ ನೋಡುವುದು ಎಲ್ಲವನ್ನೂ ಕೊಡಬಹುದು. "ಕೊಡಬಹುದೇ, ಬೇಡವೇ" ಎಂಬ ತೀರ್ಮಾನ ನಿಮ್ಮದೇ. ಹಾಗೆಯೇ ಸಿಬ್ಬಂದಿಯ ಮೇಲೆ ಬಂದ ದೂರು, ಅವರ ವಾರ್ಷಿಕ ಮೌಲ್ಯಮಾಪನ, ಅನುಮಾನಾಸ್ಪದ ವಹಿವಾಟಿನ ವಿಷಯ ನಿಮ್ಮ ಮೇಜಿನಿಂದ ಕೆಳಗಿಳಿಯಬಾರದು. ಕೊನೆಯದಂತೂ ಗುಟ್ಟಾಗಿರಬೇಕೆಂದು ಕಾನೂನೇ ಹೇಳುತ್ತದೆ. ಗ್ರಾಹಕರಿಗೆ ಸುಳಿವು ಹೋಗಕೂಡದು.

ಒಬ್ಬರನ್ನೇ ನೆಚ್ಚಿಕೊಂಡು, ಯಾರೂ ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2018ರ ಫೆಬ್ರವರಿಯಲ್ಲಿ ಹೊರಬಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರೇಡಿ ಹೌಸ್ ಶಾಖೆಯ ಪ್ರಕರಣ ಸಾಕು. ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹೋದ ಖಾತರಿ ಸಂದೇಶಗಳು ಕೋರ್ ಬ್ಯಾಂಕಿಂಗ್‌ನಲ್ಲಿ ದಾಖಲಾಗುತ್ತಲೇ ಇರಲಿಲ್ಲ, ವರ್ಷಗಟ್ಟಲೆ ಯಾರೂ ಎರಡನ್ನೂ ತಾಳೆ ನೋಡಲಿಲ್ಲ. ನಮ್ಮ ಹೋಬಳಿ ಶಾಖೆಯಲ್ಲಿ ಸ್ವಿಫ್ಟ್ ಇರಲಿಕ್ಕಿಲ್ಲ. ಆದರೆ ಒಬ್ಬರೇ ಮೂರು ವರ್ಷ ಅದೇ ಸೀಟಿನಲ್ಲಿ ಕೂತು, ಅವರ ರಿಜಿಸ್ಟರನ್ನು ಬೇರೆಯವರು ಮುಟ್ಟದಿರುವ ಶಾಖೆಗಳು ಬೇಕಾದಷ್ಟಿವೆ.

ಮೊದಲು ಒಂದು ವಾರದ ಲೆಕ್ಕ

ಏನನ್ನು ಕೊಡಬೇಕು ಎಂದು ಕುರ್ಚಿಯಲ್ಲಿ ಕೂತು ಯೋಚಿಸಿದರೆ ಹೊಳೆಯುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮ ಮೇಜಿಗೆ ಬಂದದ್ದನ್ನೆಲ್ಲ ಬರೆಯಿರಿ. ಏನು ಬಂತು, ಎಷ್ಟು ನಿಮಿಷ ತಿಂದಿತು, ನನ್ನ ಬಳಿಗೇ ಯಾಕೆ ಬಂತು, ಈ ಮೂರು ಕಾಲಂ ಸಾಕು. ಮೂರನೆಯ ಕಾಲಮ್ಮೇ ಮುಖ್ಯ. ಅಲ್ಲಿ ಬರುವ ಉತ್ತರಗಳು ಮೂರೇ ಬಗೆ: ನಿಯಮ ಹಾಗಿದೆ, ನನಗೊಬ್ಬನಿಗೇ ಗೊತ್ತು, ಮೊದಲಿಂದ ಹಾಗೇ ನಡೆದುಬಂದಿದೆ.

"ಮೊದಲಿಂದ ಹಾಗೇ" ಎಂದು ಬರೆದದ್ದನ್ನು ಮುಂದಿನ ವಾರವೇ ಕೊಡಬಹುದು. ಚೆಕ್‌ಬುಕ್ ಬಂದ ವಿಚಾರಣೆ, ಪ್ರಿಂಟರ್ ಮತ್ತು ಎಟಿಎಂ ದೂರು ದಾಖಲಿಸುವುದು, ರೀಜನಲ್ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಕೇಳುವ ದಿನದ ಅಂಕಿಸಂಖ್ಯೆ, ಪಿಂಚಣಿದಾರರ ಜೀವಂತ ಪ್ರಮಾಣಪತ್ರ ಇವೆಲ್ಲ ಈ ಬಗೆಯವು. ಇವುಗಳಲ್ಲಿ ಹೊತ್ತು ತಿನ್ನುವುದು ಅಂಕಿಸಂಖ್ಯೆಯೇ. ಒಂದೊಂದಕ್ಕೂ ಹತ್ತು ನಿಮಿಷ ಎನಿಸುತ್ತದೆ, ದಿನಕ್ಕೆ ಆರು ಬಾರಿ ಬರುತ್ತದೆ.

"ನನಗೊಬ್ಬನಿಗೇ ಗೊತ್ತು" ಎಂಬವು ಕಲಿಸಿ ಕೊಡಬೇಕಾದವು, ಅವಕ್ಕೆ ಒಂದೆರಡು ತಿಂಗಳು ಹಿಡಿಯುತ್ತದೆ. ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ನೋಡಿ ಜಮೀನಿನ ಮೇಲೆ ಬ್ಯಾಂಕಿನ ಋಣಭಾರ ದಾಖಲಿಸುವುದು, ಬೆಳೆ ವಿಮೆಯ ವಿವರವನ್ನು ಸಂರಕ್ಷಣೆ ಪೋರ್ಟಲ್ಲಿಗೆ ಏರಿಸುವುದು, ಸಾಲಪತ್ರಗಳ ಅವಧಿ ನೋಡಿಕೊಳ್ಳುವುದು ಈ ಗುಂಪಿಗೆ ಸೇರುತ್ತವೆ. ಶಾಖೆಯಲ್ಲಿ ಇವು ಒಬ್ಬರಿಗೆ ಮಾತ್ರ ಬರುತ್ತವೆ ಎಂದಾದರೆ, ಆ ಒಬ್ಬರು ನೀವೇ ಆಗಿದ್ದರೂ, ಅದು ಶಾಖೆಯ ದೌರ್ಬಲ್ಯ.

ಯಾರಿಗೆ

ಪ್ರತಿ ಶಾಖೆಯಲ್ಲೂ ಎಲ್ಲ ಕೆಲಸ ಬಲ್ಲ, ಕೇಳಿದ್ದಕ್ಕೆ ಇಲ್ಲ ಎನ್ನದ ಒಬ್ಬರು ಕ್ಲರ್ಕ್ ಇರುತ್ತಾರೆ. ಹೊಸ ಮ್ಯಾನೇಜರ್ ಎಲ್ಲವನ್ನೂ ಅವರ ಮೇಲೆ ಹೇರುತ್ತಾರೆ. ಆರು ತಿಂಗಳಲ್ಲಿ ಎರಡರಲ್ಲಿ ಒಂದಾಗುತ್ತದೆ. ಒಂದೋ ಅವರಿಗೆ ವರ್ಗವಾಗಿ ಶಾಖೆ ಕೈಕಾಲು ಕಳೆದುಕೊಳ್ಳುತ್ತದೆ, ಇಲ್ಲವೇ ದಣಿದ ಅವರೇ "ಇಲ್ಲ" ಎನ್ನಲು ಕಲಿಯುತ್ತಾರೆ. ಉಳಿದವರು ತಮಗೆ ಮರ್ಯಾದೆಯಿಲ್ಲ ಎಂದು ಆಗಲೇ ತೀರ್ಮಾನಿಸಿರುತ್ತಾರೆ.

ಪ್ರತಿಯೊಬ್ಬರ ಹೆಸರಿನ ಮುಂದೆ ಅವರಿಗೆ ಈಗ ಬರುವುದೇನು, ಮುಂದೆ ಬೇಕಿರುವುದೇನು ಎಂದು ಬರೆದುಕೊಳ್ಳಿ. ಅಧಿಕಾರಿ ಪರೀಕ್ಷೆಗೆ ಓದುತ್ತಿರುವ ಕ್ಲರ್ಕಿಗೆ ಸಾಲದ ಫೈಲಿನ ಕೆಲಸ ಹೊರೆ ಎನಿಸುವುದಿಲ್ಲ. ಬ್ಯಾಂಕ್ ನೌಕರರ ವೃತ್ತಿ ಪರೀಕ್ಷೆಯಾದ ಜೆಎಐಐಬಿಗೆ ಓದುತ್ತಿರುವವರಿಗೆ ಸಾಲಪತ್ರಗಳ ರಿಜಿಸ್ಟರ್ ಕೊಟ್ಟರೆ ಓದಿದ್ದನ್ನು ಕಣ್ಣಾರೆ ಕಾಣುತ್ತಾರೆ. ನಿವೃತ್ತಿಗೆ ಎರಡು ವರ್ಷವಿರುವ ಹೆಡ್ ಕ್ಯಾಷಿಯರಿಗೆ ಹೊಸ ಪೋರ್ಟಲ್ ಕಲಿಯುವ ಉತ್ಸಾಹ ಇರಲಿಕ್ಕಿಲ್ಲ, ಆದರೆ ಯಾವ ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ. ಸ್ವಸಹಾಯ ಸಂಘಗಳ ಕೆಲಸದಲ್ಲಿ ಅಂಥವರು ಬೇಕು. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರವಣಿಗೆ ಎಂಬ ಪಂಚಸೂತ್ರ ಸರಿಯಿದೆಯೇ ಎಂದು ಅವರು ಪುಸ್ತಕ ತಿರುವಿ ಹತ್ತು ನಿಮಿಷದಲ್ಲಿ ಹೇಳಬಲ್ಲರು.

ಎರಡು ಎಚ್ಚರಿಕೆ. ಅಟೆಂಡರಿಗೆ ಅವರ ದರ್ಜೆಗೆ ಮೀರಿದ ಗುಮಾಸ್ತ ಕೆಲಸ ಕೊಡಬೇಡಿ. ಯಾವ ದರ್ಜೆಗೆ ಯಾವ ಕೆಲಸ, ಯಾವುದಕ್ಕೆ ವಿಶೇಷ ಭತ್ಯೆ ಎಂಬುದು ಬ್ಯಾಂಕುಗಳು ಮತ್ತು ನೌಕರರ ಸಂಘಗಳ ನಡುವಿನ ದ್ವಿಪಕ್ಷೀಯ ಒಪ್ಪಂದದಲ್ಲಿ ತೀರ್ಮಾನವಾಗಿರುತ್ತದೆ. ಸಂಘದವರು ಪ್ರಶ್ನಿಸಿದಾಗ "ಅವರೇ ಇಷ್ಟಪಟ್ಟು ಮಾಡಿದರು" ಎಂಬ ಉತ್ತರ ನಿಲ್ಲುವುದಿಲ್ಲ. ಇನ್ನೊಂದು, ಊರಿನವರೇ ಆದ ಸಿಬ್ಬಂದಿಗೆ ಅವರ ನೆಂಟರ, ಪಾಲುದಾರರ ಸಾಲದ ಪರಿಶೀಲನೆ ಕೊಡಬಾರದು. ಅವರ ಪ್ರಾಮಾಣಿಕತೆಯ ಪ್ರಶ್ನೆಯೇ ಇಲ್ಲ. ನಾಳೆ ಆ ಸಾಲ ಕೆಟ್ಟರೆ ಅವರು ಊರಲ್ಲಿ ತಲೆಯೆತ್ತುವುದು ಕಷ್ಟವಾಗುತ್ತದೆ. ಕನ್ನಡ ಬಾರದ ಅಧಿಕಾರಿ ನಿಮ್ಮಲ್ಲಿದ್ದರೆ ಫೀಲ್ಡ್ ವರದಿಗೆ ಅವರೊಬ್ಬರನ್ನೇ ಕಳಿಸದೆ ಒಬ್ಬ ಕ್ಲರ್ಕ್ ಜೊತೆ ಕಳಿಸಿ. ಸಾಲದ ಷರತ್ತನ್ನು ರೈತನಿಗೆ ಕನ್ನಡದಲ್ಲಿ ವಿವರಿಸಿದವರು ಯಾರೆಂದು ಫೈಲಿನಲ್ಲಿ ನಮೂದಾಗಲಿ.

ಕೊಡುವಾಗ ಆಡುವ ಮಾತು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. "ಮೇಡಂ, ಈ ತಿಂಗಳು ರಿಕವರಿ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಮ್ಯಾನೇಜರ್ ಹೊರಡುತ್ತಾರೆ. ಆ ಮೇಡಂ ಹತ್ತು ಜನರಿಗೆ ಫೋನ್ ಮಾಡುತ್ತಾರೆ, ನೋಡಿಕೊಂಡಿದ್ದೇನೆ ಎಂದುಕೊಳ್ಳುತ್ತಾರೆ. ತಿಂಗಳ ಕೊನೆಗೆ ನಾಲ್ಕು ಖಾತೆ ಎನ್‌ಪಿಎ (ಕೆಟ್ಟ ಸಾಲ) ಆದಾಗ ಮ್ಯಾನೇಜರಿಗೆ ಸಿಟ್ಟು, ಅವರಿಗೆ ಅವಮಾನ. ತಪ್ಪು ಹೇಳಿದವರದು.

ಅದೇ ಕೆಲಸವನ್ನು ಹದಿನೈದು ನಿಮಿಷ ಕೂತು ಕೊಡುವ ಬಗೆ ಹೀಗೆ:

"ಇದು ಇವತ್ತಿನ ಎಸ್‌ಎಂಎ-1 ಪಟ್ಟಿ, ಅಂದ್ರೆ ಕೆಡುವ ಸೂಚನೆ ಇರೋ ಸಾಲಗಳದ್ದು, ಕಂತಿನ ಸಾಲಗಳು ಮಾತ್ರ, 38 ಖಾತೆ. ಬೆಳೆ ಸಾಲದ ಲೆಕ್ಕ ಬೆಳೆಯ ಹಂಗಾಮಿನ ಮೇಲೆ ಹೋಗುತ್ತೆ, ಅದನ್ನ ಬೇರೆ ಮಾಡಿದ್ದೀನಿ. ಈ 38ರಲ್ಲಿ ಬಾಕಿ 31ರಿಂದ 60 ದಿನದ ಒಳಗಿದೆ. 60 ದಾಟಿದ್ರೆ ಎಸ್‌ಎಂಎ-2, 90 ದಾಟಿದ್ರೆ ಎನ್‌ಪಿಎ. ಈ ತಿಂಗಳು ಇದರಲ್ಲಿ ಒಂದೂ 60 ದಾಟಬಾರದು, ಅದು ನಮ್ಮ ಗುರಿ. ಮೊದಲು 50 ದಿನ ದಾಟಿದವರಿಗೆ ಫೋನ್ ಮಾಡಿ. ದಿನಕ್ಕೆ ಮೂರೂವರೆಯಿಂದ ನಾಲ್ಕೂವರೆ ಇದಕ್ಕೇ ಇಟ್ಕೊಳ್ಳಿ, ಆ ಹೊತ್ತಲ್ಲಿ ನಿಮ್ಮ ಕೌಂಟರ್ ಯಾರು ನೋಡ್ಬೇಕು ಅಂತ ನಾನು ಹೇಳಿರ್ತೀನಿ. ಕಂತು ಯಾವತ್ತು ಕಟ್ತೀನಿ ಅಂದ್ರು ಅನ್ನೋದನ್ನ ಪಟ್ಟಿಯ ಪಕ್ಕದಲ್ಲೇ ಬರೀರಿ. ಬಡ್ಡಿ ಬಿಡ್ತೀವಿ ಅಂತ ಮಾತು ಕೊಡ್ಬೇಡಿ, ಕೈಯಲ್ಲಿ ದುಡ್ಡು ತಗೋಬೇಡಿ. ಎರಡು ಸಲ ಮಾತು ತಪ್ಪಿದವರು, ಫೋನ್ ತೆಗೆಯದವರು, ಮನೆಯಲ್ಲಿ ಸಾವು ಕಾಯಿಲೆ ಅಂದವರು, ಈ ಮೂರು ಬಗೆ ನನ್ನ ಹತ್ರ ಬರಲಿ. ಶುಕ್ರವಾರ ನಾಲ್ಕೂ ಮುಕ್ಕಾಲಿಗೆ ಪಟ್ಟಿ ಹಿಡ್ಕೊಂಡು ಕೂತು ನೋಡೋಣ."

ಇದರಲ್ಲಿ ಫಲ ಏನು ಬೇಕು, ಯಾವುದರವರೆಗೆ ಅವರದೇ ನಿರ್ಧಾರ, ಎಲ್ಲಿ ನಿಲ್ಲಬೇಕು, ಹೊತ್ತು ಎಲ್ಲಿಂದ ಬರುತ್ತದೆ, ಯಾವಾಗ ನೋಡುತ್ತೇವೆ ಎಂಬುದೆಲ್ಲ ಇದೆ. ಹೊತ್ತಿನ ವಿಷಯವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಕೌಂಟರಿನ ಕೆಲಸ ಹಾಗೇ ಇಟ್ಟು ಮೇಲೆ ಇನ್ನೊಂದನ್ನು ಹೇರಿದರೆ ಅದು ಹಂಚಿಕೆಯಾಗುವುದಿಲ್ಲ. ಫೋನ್ ಮಾಡುವ ವೇಳೆಯ ಬಗ್ಗೆಯೂ ಒಂದು ಮಾತು: ವಸೂಲಿ ಏಜೆಂಟರಿಗೆ ರಿಸರ್ವ್ ಬ್ಯಾಂಕ್ ಹಾಕಿರುವ ಬೆಳಿಗ್ಗೆ 8ರಿಂದ ಸಂಜೆ 7ರ ಮಿತಿಯನ್ನು ನಮ್ಮ ಸಿಬ್ಬಂದಿಯೂ ಪಾಲಿಸುವುದು ಒಳ್ಳೆಯದು.

ಹೇಳಿ ಮುಗಿದ ಮೇಲೆ "ಅರ್ಥವಾಯಿತೇ" ಎಂದು ಕೇಳಬೇಡಿ. ಆಗಲಿಲ್ಲ ಎಂದು ಯಾರೂ ಹೇಳುವುದಿಲ್ಲ. "ನಾಳೆ ಮೊದಲು ಯಾರಿಗೆ ಫೋನ್ ಮಾಡ್ತೀರಿ?" ಎಂದು ಕೇಳಿ. ಪಟ್ಟಿಯ ಮೊದಲ ಹೆಸರು ಹೇಳಿದರೆ ದಿನದ ಲೆಕ್ಕ ಮನಸ್ಸಿಗೆ ಹೋಗಿಲ್ಲ ಎಂದು ತಿಳಿಯುತ್ತದೆ, ಅಲ್ಲೇ ಇನ್ನೊಮ್ಮೆ ಹೇಳಬಹುದು. ಆಮೇಲೆ ನಾಲ್ಕೈದು ಸಾಲಿನ ಒಂದು ಇಮೇಲ್ ಹಾಕಿ. ಸೀಟಿನ ಜವಾಬ್ದಾರಿಯೇ ಬದಲಾಗುವುದಿದ್ದರೆ ಆಫೀಸ್ ಆರ್ಡರ್ ಹೊರಡಿಸಿ ಸಹಿ ಪಡೆಯಿರಿ. ಆಡಿಟ್‌ನವರು ಬಂದಾಗ ಯಾರ ಕೆಲಸ ಯಾವುದು ಎಂದು ಮೊದಲು ಕೇಳುವುದು ಆ ಕಾಗದವನ್ನೇ.

ಎಷ್ಟು ಸ್ವಾತಂತ್ರ್ಯ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ವಿವರ ಕಲೆಹಾಕಿ ತನ್ನಿ, ನಾನು ನಿರ್ಧರಿಸುತ್ತೇನೆ ಎಂಬುದು ಮೊದಲ ಮೆಟ್ಟಿಲು. ನಿಮ್ಮ ಸಲಹೆಯನ್ನೂ ತನ್ನಿ ಎಂಬುದು ಎರಡನೆಯದು. ಮಾಡಿ, ಆಮೇಲೆ ಹೇಳಿ ಎಂಬುದು ಮೂರನೆಯದು. ಹೊಸಬರನ್ನು ನೇರವಾಗಿ ಮೂರನೆಯದಕ್ಕೆ ಏರಿಸಿದರೆ ಅವರು ತಬ್ಬಿಬ್ಬಾಗುತ್ತಾರೆ, ಹತ್ತು ವರ್ಷದ ಅನುಭವಿಯನ್ನು ಮೊದಲನೆಯದರಲ್ಲೇ ಇಟ್ಟರೆ ನೊಂದುಕೊಳ್ಳುತ್ತಾರೆ. ಒಬ್ಬರೇ ಒಂದು ಕೆಲಸದಲ್ಲಿ ಮೂರನೆಯ ಮೆಟ್ಟಿಲಲ್ಲಿ, ಇನ್ನೊಂದರಲ್ಲಿ ಮೊದಲನೆಯದರಲ್ಲಿ ಇರಬಹುದು.

ಕೊಟ್ಟ ಮೇಲೆ ನೋಡುವುದು

ಸಾಲಪತ್ರಗಳ ಅವಧಿಯ ಕೆಲಸವನ್ನೇ ತೆಗೆದುಕೊಳ್ಳಿ. 1963ರ ಕಾಲಮಿತಿ ಕಾಯ್ದೆಯಂತೆ ಪ್ರಾಮಿಸರಿ ನೋಟಿನ (ಹಣ ತೀರಿಸುತ್ತೇನೆಂದು ಸಾಲಗಾರ ಬರೆದುಕೊಟ್ಟ ಪತ್ರ) ಮೇಲೆ ದಾವೆ ಹೂಡಲು ಮೂರು ವರ್ಷ. ಅದು ಮುಗಿಯುವ ಮುನ್ನ ಸಾಲಗಾರ ಬಾಕಿ ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ ಅಲ್ಲಿಂದ ಹೊಸ ಅವಧಿ ಶುರು. ಮುಗಿದ ಮೇಲೆ ತೆಗೆದ ಸಹಿಗೆ ಆ ಬಲವಿಲ್ಲ. ಮುಂದಿನ ಆರು ತಿಂಗಳಲ್ಲಿ ಅವಧಿ ಮುಗಿಯುವ ಖಾತೆಗಳ ಪಟ್ಟಿ ಮಾಡಿ ಎಂದು ಕ್ಲರ್ಕಿಗೆ ಹೇಳುತ್ತೀರಿ, ಅವರು ಚೊಕ್ಕವಾಗಿ ಪಟ್ಟಿ ಮಾಡುತ್ತಾರೆ. ಪಟ್ಟಿ ಫೈಲಿನಲ್ಲಿ ಕೂರುತ್ತದೆ. ಸಹಿ ತೆಗೆಯುವವರು ಯಾರು ಎಂದು ಯಾರೂ ಹೇಳಿಲ್ಲ. ಸಾಲಗಾರ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಮಾತ್ರ ಊರಿಗೆ ಬರುತ್ತಾನೆ. ಯುಗಾದಿಗೆ ಬಂದು ಹೋದ, ದಿನಾಂಕ ಮೇ ತಿಂಗಳಲ್ಲಿತ್ತು, ಪತ್ರ ಕೈಬಿಟ್ಟುಹೋಯಿತು. ಕೆಲಸದ ಅರ್ಧವನ್ನು ಕೊಟ್ಟು ಇನ್ನರ್ಧವನ್ನು ಗಾಳಿಯಲ್ಲಿ ಬಿಟ್ಟಾಗ ಹೀಗಾಗುತ್ತದೆ. ಕೊಡುವುದಾದರೆ ಸಹಿ ಬಿದ್ದ ಪತ್ರ ದಾಖಲೆಯ ಕವರಿಗೆ ಸೇರುವವರೆಗಿನ ಇಡೀ ಕೆಲಸ ಕೊಡಿ, ಸಹಿಗೆ ಕೊನೆಯ ದಿನವನ್ನು ಅವಧಿಗಿಂತ ಮೂರು ತಿಂಗಳು ಮುಂಚೆ ಇಡಿ.

ನೋಡುವುದಕ್ಕೆ ಒಂದು ಅಳತೆ ಇರಲಿ. ಹೊಸದಾಗಿ ಕೊಟ್ಟ ಕೆಲಸದಲ್ಲಿ ಮೊದಲ ಐದು ಫೈಲನ್ನು ಪೂರ್ತಿ ಓದಿ. ಸರಿಯಿದ್ದರೆ ಐದರಲ್ಲಿ ಒಂದು, ಒಂದು ತಿಂಗಳ ಬಳಿಕ ಹತ್ತರಲ್ಲಿ ಒಂದು. ಯಾವ ಫೈಲು ಎಂದು ನೀವೇ ಆರಿಸಿ, ಅವರು ತಂದುಕೊಟ್ಟದ್ದನ್ನು ನೋಡುವುದು ಪರೀಕ್ಷೆಯಲ್ಲ. ತಪ್ಪು ಕಂಡರೆ ಫೈಲನ್ನು ಕಿತ್ತುಕೊಂಡು ನೀವೇ ಸರಿಮಾಡಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಸಂಯಮ, ಯಾಕೆಂದರೆ ನಿಮಗೆ ಐದು ನಿಮಿಷ, ಅವರಿಗೆ ಅರ್ಧ ಗಂಟೆ ಹಿಡಿಯುತ್ತದೆ. ಒಮ್ಮೆ ನೀವು ಸರಿಮಾಡಿದರೆ ಮುಂದಿನ ಫೈಲು ಅರ್ಧಕ್ಕೇ ನಿಮ್ಮ ಮೇಜಿಗೆ ಬರುತ್ತದೆ. ಸಾಲ ಬಿಡುಗಡೆಯಾಗಿ ಹೋಗುವಂಥ ದೊಡ್ಡ ತಪ್ಪಾದರೆ ಮಾತ್ರ ತಡೆಯಿರಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಿಂದಲೇ ತಿದ್ದಿಸಿ.

"ಸರ್, ಇದಕ್ಕೇನು ಮಾಡೋದು?" ಎಂದು ದಿನಕ್ಕೆ ಹತ್ತು ಬಾರಿ ಬಂದರೆ ಉತ್ತರ ಕೊಡುವ ಆಸೆಯಾಗುತ್ತದೆ. ಉತ್ತರ ಕೊಟ್ಟಷ್ಟೂ ಕೆಲಸ ವಾಪಸು ಬರುತ್ತದೆ. "ಸರ್ಕ್ಯುಲರ್ ಏನು ಹೇಳುತ್ತೆ, ನಿಮಗೇನನ್ನಿಸುತ್ತೆ, ಎರಡೂ ಹೇಳಿ" ಎನ್ನಿ. ಮೊದಮೊದಲು ಮುಖ ಸಣ್ಣದಾಗುತ್ತದೆ, ಆಮೇಲೆ ಸರ್ಕ್ಯುಲರ್ ತೆರೆದುಕೊಂಡೇ ಬರುತ್ತಾರೆ.

ಹಳ್ಳಿ ಶಾಖೆಯ ನಿಜವಾದ ಅಡ್ಡಿ ಹೊರಗಿನಿಂದ ಬರುತ್ತದೆ. ಪಂಚಾಯಿತಿ ಸದಸ್ಯರು, ಅಂಗಡಿಯ ಯಜಮಾನರು, ಸಂಘದ ಅಧ್ಯಕ್ಷೆ ಎಲ್ಲರೂ "ಮ್ಯಾನೇಜರನ್ನೇ ನೋಡಬೇಕು" ಎಂದು ನೇರ ಕ್ಯಾಬಿನ್ನಿಗೆ ಬರುತ್ತಾರೆ. ಅಲ್ಲಿಂದಲೇ "ಆ ಕೌಂಟರಿಗೆ ಹೋಗಿ" ಎಂದರೆ ಅವರಿಗೆ ಅವಮಾನ. ಎದ್ದು ಅವರ ಜೊತೆ ನಡೆದು, ಕೃಷಿ ಅಧಿಕಾರಿಯ ಮೇಜಿನ ಬಳಿ ಕೂರಿಸಿ, "ಬೆಳೆ ಸಾಲದ ವಿಷಯದಲ್ಲಿ ಇವರು ಹೇಳಿದ್ದೇ ಆಯ್ತು, ನಾನು ಇವರನ್ನೇ ಕೇಳ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಎರಡು ಮೂರು ಬಾರಿ ಹೀಗೆ ಮಾಡಿದರೆ ನಾಲ್ಕನೆಯ ಸಲ ಅವರು ನೇರ ಆ ಮೇಜಿಗೇ ಹೋಗುತ್ತಾರೆ. ಆ ಅಧಿಕಾರಿ ನಿಯಮದಂತೆ ಇಲ್ಲ ಎಂದದ್ದನ್ನು ನೀವು ಕ್ಯಾಬಿನ್ನಿನಲ್ಲಿ ಹೌದು ಎಂದರೆ ಮಾತ್ರ ಎಲ್ಲ ಮುಗಿಯಿತು. ಅದನ್ನು ಊರು ಒಂದೇ ದಿನದಲ್ಲಿ ಕಲಿಯುತ್ತದೆ.

ಮೇಲಿನಿಂದಲೂ ಹೀಗೇ ಆಗುತ್ತದೆ. ರೀಜನಲ್ ಆಫೀಸಿನವರು ಎಲ್ಲಕ್ಕೂ ಮ್ಯಾನೇಜರಿಗೇ ಫೋನ್ ಮಾಡುತ್ತಾರೆ. ಕೆಲಸ ಮಾಡುತ್ತಿರುವವರನ್ನು ಕರೆದು ಸ್ಪೀಕರಿಗೆ ಹಾಕಿ, ಅವರೇ ಉತ್ತರಿಸಲಿ. ಚೆನ್ನಾಗಿ ಆದ ಕೆಲಸಕ್ಕೆ ಅವರ ಹೆಸರು, ಕೆಟ್ಟದ್ದಕ್ಕೆ "ನಮ್ಮ ಶಾಖೆಯಿಂದ ತಪ್ಪಾಯಿತು" ಎಂಬ ನಿಮ್ಮ ಮಾತು. ಸಿಬ್ಬಂದಿ ಇದನ್ನು ಬಹಳ ಗಮನವಿಟ್ಟು ಕೇಳುತ್ತಾರೆ.

ಯಾವಾಗ ಕೊಡಬೇಕು

ಮಾರ್ಚಿನಲ್ಲಿ ಹೊಸದಾಗಿ ಏನನ್ನೂ ಕೊಡಬೇಡಿ, ಆಗ ಕಲಿಸಲು ಯಾರಿಗೂ ಹೊತ್ತಿಲ್ಲ. ಏಪ್ರಿಲ್ ಎರಡನೆಯ ವಾರದಿಂದ ಶುರುಮಾಡಿದರೆ ಮೇ ಕೊನೆಯ ಹೊತ್ತಿಗೆ ಒಂದು ಸಣ್ಣ ಪರೀಕ್ಷೆ ತಾನಾಗಿ ಬರುತ್ತದೆ. ಪ್ರಧಾನಮಂತ್ರಿ ವಿಮಾ ಯೋಜನೆಗಳಾದ ಜೀವನ್ ಜ್ಯೋತಿಯ 436 ರೂಪಾಯಿ, ಸುರಕ್ಷಾ ಬಿಮಾದ 20 ರೂಪಾಯಿ ಪ್ರೀಮಿಯಂ ಕಡಿತವಾಗುವ ಕಾಲ ಅದು. ವಿಮೆಯ ವರ್ಷ ಜೂನ್ 1ಕ್ಕೆ ಶುರು. ಖಾತೆಯಲ್ಲಿ ದುಡ್ಡಿಲ್ಲದವರ ಪಟ್ಟಿ ತೆಗೆದು, ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಮೂಲಕ ಸುದ್ದಿ ಮುಟ್ಟಿಸುವ ಕೆಲಸವನ್ನು ಒಬ್ಬ ಹೊಸ ಕ್ಲರ್ಕಿಗೆ ಪೂರ್ತಿ ಬಿಡಿ. ಅವಧಿ ಖಚಿತ, ಫಲ ಎಣಿಸಬಹುದು, ತಪ್ಪಿದರೂ ತಿದ್ದಬಹುದು. ಆದರೆ ಒಂದು ಮನೆಗೆ ಎರಡು ಲಕ್ಷದ ವಿಮೆ ಉಳಿಯುತ್ತದೆ ಎಂಬುದನ್ನು ಅವರಿಗೆ ಮೊದಲೇ ಹೇಳಿ. ಜೂನ್, ಜುಲೈ ಮುಂಗಾರಿನ ಬೆಳೆ ಸಾಲ ಮತ್ತು ಬೆಳೆ ವಿಮೆಯ ಕಾಲ. ಬೆಳೆಗೆ ತಕ್ಕಂತೆ ವಿಮೆಯ ಕೊನೆಯ ದಿನ ಬೇರೆಯಾಗುವುದರಿಂದ ಪೋರ್ಟಲ್ ಕಲಿಸುವುದು ಮೇ ತಿಂಗಳಲ್ಲೇ ಮುಗಿದಿರಬೇಕು. ನವೆಂಬರಿನ ಪಿಂಚಣಿ ನೂಕುನುಗ್ಗಲಿಗೆ ಅಕ್ಟೋಬರಿನಲ್ಲೇ ಒಬ್ಬರ ಹೆಸರು ಹಚ್ಚಿ. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಕೊಡಬಹುದು.

ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಹತ್ತು ನಿಮಿಷ ಎಲ್ಲರೂ ನಿಂತೇ ಮಾತಾಡಿ: ಇವತ್ತು ಯಾರದೇನು, ಯಾರು ರಜೆ, ಅವರ ಕೆಲಸ ಯಾರಿಗೆ. ಸೀಟುಗಳನ್ನು ಬ್ಯಾಂಕಿನ ನಿಯಮದ ಅವಧಿಗೆ ತಪ್ಪದೆ ಬದಲಿಸಿ, ಬದಲಿಸುವ ಮುನ್ನ ಒಂದು ವಾರ ಹಳಬರ ಪಕ್ಕದಲ್ಲಿ ಹೊಸಬರು ಕೂರಲಿ.

ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯಲ್ಲಿರಬೇಕು, ಅದನ್ನು ಮುನ್ಸೂಚನೆಯಿಲ್ಲದೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ದಿನಗಳಲ್ಲಿ ಕಚೇರಿಯ ಇಮೇಲ್ ಬಿಟ್ಟು ಕೆಲಸದ ಯಾವುದನ್ನೂ ಮುಟ್ಟುವಂತಿಲ್ಲ. ನಿಮ್ಮ ಬ್ಯಾಂಕಿನ ಪಟ್ಟಿಯಲ್ಲಿ ನಿಮ್ಮ ಹುದ್ದೆ ಇದ್ದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಸಿಗುವುದಿಲ್ಲ. ಹೋಗುವಾಗ ಶಾಖೆಯವರಿಗೆ ಫೋನ್ ಮಾಡಬೇಡಿ ಎಂದು ಹೇಳಿ, ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನು ಬರೆದಿಡಲು ಪ್ರಭಾರದಲ್ಲಿರುವವರಿಗೆ ತಿಳಿಸಿ. ಮರಳಿದ ದಿನ ಬೇರೆ ಯಾವುದನ್ನೂ ತೆರೆಯುವ ಮೊದಲು ಆ ಪಟ್ಟಿ ಇಟ್ಟುಕೊಂಡು ಅವರ ಜೊತೆ ಒಂದು ಗಂಟೆ ಕೂರಿ. ನಿಯಮದಿಂದ ನಿಂತದ್ದು ಯಾವುದು, ಗೊತ್ತಿಲ್ಲದೆ ನಿಂತದ್ದು ಯಾವುದು ಎಂದು ಬೇರೆ ಮಾಡಿ. ಗೊತ್ತಿಲ್ಲದೆ ನಿಂತವನ್ನು ಯಾರಿಗೆ ಕಲಿಸಬೇಕು, ಯಾವ ವಾರ ಎಂದು ಅಲ್ಲೇ ಬರೆದುಕೊಳ್ಳಿ.